ಹತ್ತು ಸೆಂಟಿನ ಹೆಸರು

ಸಭಾಮನೆಯ ಬೀಗದ ಕೈ ಈಗ ನನ್ನ ಹತ್ತಿರ.
ಮೊದಲು ಗುನ್‌ಹಿಲ್ಡಳ ಜೇಬಿನಲ್ಲಿ ಕಿಣಿಕಿಣಿ ಅನ್ನುತ್ತಿತ್ತು.
ಅವಳು ಹೋದಮೇಲೆ ಬೇರೆ ಯಾರೂ ಕೇಳಲಿಲ್ಲ.

ಜುಲೈಯಲ್ಲಿ, ಅಗಸೆ ಹೂಬಿಟ್ಟು
ಡಕೋಟಾದ ಈ ಬೋಳು ಬಯಲು
ನೀರಿಲ್ಲದೆಯೂ ಕೆರೆಯಾಗುವ ವಾರ,
ಪೆಟ್ಟಿಗೆ ತೆರೆದು ಕೌದಿಯನ್ನು ಗಾಳಿಗೆ ಹಾಕುವುದು ರೂಢಿ.
ಮೊದಲು ನುಸಿಗುಳಿಗೆಯ ವಾಸನೆ.
ಅದರಡಿ ಇನ್ನೊಂದು:
ಹಿಟ್ಟಿನದೋ, ಹೊಲಿದ ಹೆಂಗಸರದೋ.

ಹಿಟ್ಟಿನ ಚೀಲ ಬಿಚ್ಚಿ ಹೊಲಿದದ್ದು.
ಹಿಂಬದಿಯಲ್ಲಿ ಗಿರಣಿಯ ಮುದ್ರೆ ಇನ್ನೂ ಓದಲು ಬರುತ್ತದೆ:
ತೊಂಬತ್ತೆಂಟು ಪೌಂಡು.
ಮುಂಬದಿಯಲ್ಲಿ ಕೆಂಪು ನೂಲಿನ ಬಂಡಿಗಾಲಿಗಳು,
ಕಡ್ಡಿಗೊಂದು ಹೆಸರು, ಹೆಸರಿಗೆ ಹತ್ತು ಸೆಂಟು,
ಗಾಲಿಯ ನಟ್ಟನಡುವೆ ಬೇಕೆಂದರೆ ಇಪ್ಪತ್ತೈದು.
ಹಾಗೆ ಬಂತು ಈ ಮನೆಗೆ ಕಬ್ಬಿಣದ ಒಲೆ,
ಹನ್ನೆರಡನೇ ಇಸವಿಯ ಚಳಿಗೆ.

ಬೆರಳಾಡಿಸಿದರೆ ಊರೇ ಎದ್ದು ಕೂರುತ್ತದೆ.
ಹಾಲ್ವರ್ ಟ್ವೀಟನ್: ಆರು ಬಾವಿ ತೋಡಿದ,
ಆರರಲ್ಲೂ ಸವುಳು ನೀರು.
ಅವನ ಹೆಂಡತಿ ಸಿಗ್ನೆ, ಮೂರು ಮಕ್ಕಳ ಹೆಸರಿಗೂ ಕಾಸು ಎಣಿಸಿದಳು.
ಇಬ್ಬರು ಆಗಲೇ ಮಣ್ಣಿನಲ್ಲಿದ್ದರು.
ಸತ್ತವರಿಗೂ ಅದೇ ದರ.
ಓಸ್ಮುಂಡ್ ತನ್ನ ಎತ್ತಿನ ಹೆಸರನ್ನೂ ಹಾಕಿಸಿದ.
ಕೂಡದು ಅಂದರು ಪಾದ್ರಿ.
ಎತ್ತು ಉಳಿಯಿತು, ಪಾದ್ರಿಗೆ ವರ್ಗವಾಯಿತು.

ಎಡ ಮೂಲೆಯ ಗಾಲಿಯಲ್ಲಿ ಒಂದು ಕಡ್ಡಿ ಬೋಳು.

ಬಟ್ಟೆಯನ್ನು ಕಿಟಕಿಗೆ ಹಿಡಿಯಬೇಕು.
ಸೂಜಿ ಹೊಕ್ಕು ಹೊರಬಂದ ತೂತುಗಳಲ್ಲಿ
ಬಿಸಿಲು ಸಣ್ಣಗೆ ಓದುತ್ತದೆ:
ರೈನ್‌ಹೋಲ್ಟ್ ಕೆಸ್ಲರ್.

ಉಗಿಯಂತ್ರ ಇದ್ದದ್ದು ಅವನೊಬ್ಬನಿಗೆ.
ಸುಗ್ಗಿಯಲ್ಲಿ ಹೊಲದಿಂದ ಹೊಲಕ್ಕೆ ಅದರ ಸಿಳ್ಳೆ,
ಹಿಂದೆ ಹುಡುಗರ ದಂಡು,
ಯಾರ ಅಂಗಳದಲ್ಲಿ ಒಕ್ಕಣೆಯೋ ಅಲ್ಲೇ ಊಟ.
ಹದಿನೆಂಟರಲ್ಲಿ ನಮ್ಮ ಹುಡುಗರು ಯುದ್ಧಕ್ಕೆ ಹೋದರು;
ಅವನ ತಾಯಿ ಜೋಗುಳ ಹಾಡಿದ ಭಾಷೆ
ಬೆಳಗಾಗುವುದರೊಳಗೆ ವೈರಿಯ ಭಾಷೆ.
ಅವನ ಕೊಟ್ಟಿಗೆಗೆ ಯಾರೋ ರಾತ್ರಿ ಹಳದಿ ಬಳಿದರು.
ಯಾರೋ ಅಂದರೆ?
ಇದ್ದದ್ದೇ ಮೂವತ್ತೊಂದು ಮನೆ.

ಹೆಸರು ಬಿಚ್ಚಿದ್ದು ನನ್ನಜ್ಜಿ ಇಂಗೆಬೋರ್ಗ್.
ಹಾಕಿದ್ದೂ ಅವಳೇ.
ಕತ್ತರಿ ಮುಟ್ಟಲಿಲ್ಲವಂತೆ. ಒಂದೊಂದೇ ಹೊಲಿಗೆ ಎಬ್ಬಿಸಿ
ನೂಲನ್ನು ಉಂಡೆಗೆ ಸುತ್ತಿಟ್ಟಳು.
ಯಾಕೆಂದು ಅಮ್ಮ ಕೇಳಿದರೆ
‘ಬಟ್ಟೆ ಹಾಳಾಗಬಾರದಲ್ಲ’ ಅಂದಳಂತೆ,
ಬೇರೆ ಕಡೆ ನೋಡುತ್ತ.
ಆ ಉಂಡೆ ನನ್ನಲ್ಲಿದೆ. ಎಳೆದರೆ ನೆಟ್ಟಗಾಗದು;
ಅಕ್ಷರಗಳ ಸೊಟ್ಟ ಇನ್ನೂ ಬಿಟ್ಟಿಲ್ಲ.

ಕೆಸ್ಲರ್ ಯಂತ್ರ ಮಾರಿ ಪಡುವಣಕ್ಕೆ ಹೋದ.
ಆ ವರ್ಷ ಒಕ್ಕಣೆ ನವೆಂಬರಿಗೆ ಬಿತ್ತು,
ಸಿವುಡುಗಳ ಮೇಲೆ ಹಿಮ.
ಇದು ಊರಿನವರು ಹೇಳುವ ಕತೆ. ಯಾಕೆಂದು ಮಾತ್ರ ಹೇಳುವುದಿಲ್ಲ.

ಲೆಕ್ಕದ ಪುಸ್ತಕವೂ ಪೆಟ್ಟಿಗೆಯಲ್ಲೇ ಉಂಟು.
ಮೊಳೆ, ಸೀಮೆಎಣ್ಣೆ, ಕಾಫಿ ಎರಡು ಪೌಂಡು,
ಒಡೆದ ಕಿಟಕಿಗೆ ಗಾಜು,
ಸಿಗ್ನೆ ಕೊಟ್ಟ ಮೊಟ್ಟೆ, ಅದರಲ್ಲೊಂದು ಕೆಟ್ಟದ್ದು.
ಕಾಸಿನ ತಪ್ಪಿಲ್ಲ. ಹದಿನೆಂಟರ ಪುಟವನ್ನು
ಮೂರು ಸಲ ಬೆರಳಿಟ್ಟು ಓದಿದೆ:
ಕೆಸ್ಲರನಿಗೆ ಹತ್ತು ಸೆಂಟು ಮರಳಿಸಿದ್ದು ಎಲ್ಲೂ ಇಲ್ಲ.
ಒಲೆ ಈಗಲೂ ಚೆನ್ನಾಗಿ ಉರಿಯುತ್ತದೆ.

ಈಗ ನಾವು ಎಂಟು ಮನೆ.
ಮತ್ತೆ ಹೊಲಿಯೋಣ ಅನ್ನುತ್ತಾಳೆ ಆಲ್ಮಾ.
ತೂತೇ ಇರಲಿ ಅನ್ನುತ್ತಾನೆ ಆರ್ನೆ.
ಇಬ್ಬರ ಕಾಫಿಯೂ ಆರಿತು.

ಆ ಮೂಲೆ ಒಳಗೆ ಹೋಗುವಂತೆ ಮಡಿಚಬೇಕು
ಎಂದು ಗುನ್‌ಹಿಲ್ಡ್ ಕಲಿಸಿದ್ದಳು, ಅವಳಿಗೆ ಅಜ್ಜಿ.
ಈ ಸಲ ನಾನು ಹೊರಗೆ ಬರುವಂತೆ ಮಡಿಚಿದೆ.
ನೂರು ವರ್ಷದ ಮಡಿಕೆ ಒಪ್ಪಲಿಲ್ಲ;
ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ.